ಮಕ್ಕಳ ಶುಶ್ರೂಷೆಯೂ ಮನೆಯವರ ಪಾಲೂ

ಶುಶ್ರೂಷೆ ಎಂಬ ಶಬ್ದವನ್ನು ನಾವು ರೋಗಿಗಳ ಆರೈಕೆ ಎಂಬರ್ಥದಲ್ಲಿ ಉಪಯೋಗಿಸುತ್ತೇವೆ. ಸಂಸ್ಕೃತದಲ್ಲಿ ಆ ಶಬ್ದದ ಮೂಲಾರ್ಥವು ‘ಕೇಳಬೇಕೆಂಬ ಇಚ್ಛೆ’ ಎಂದಾಗಿದೆ. ಸೇವೆಮಾಡುವವರು ಮೊದಲು ಕಿವಿಗೊಟ್ಟು ಕೇಳತಕ್ಕವರು ಎಂಬ ಭಾವವು ಅದರಲ್ಲಿ ಅಡಗಿದೆ. ದೊಡ್ಡ ರೋಗಿಯು ತನ್ನ ನೋವು ಎಲ್ಲಿದೆ, ಎಂದಿನಿಂದ ಇದೆ ಎಂದು ತಾನೇ ಹೇಳಬಲ್ಲನು. ಹಸುಗೂಸಿಗೆ ಅಳುವೊಂದೇ ಭಾಷೆ. ಆ ಭಾಷೆಯನ್ನು ಬಲ್ಲವರು ಅದನ್ನು ಹಗಲಿರುಳು ಎತ್ತಿಕೊಂಡಿರುವ ಮನೆಯವರು. ಆದಕಾರಣ ಮಕ್ಕಳ ಶುಶ್ರೂಷೆಯು ಮನೆಯವರ ಮಾತನ್ನು ಕೇಳುವದರಿಂದಲೇ ಆರಂಭವಾಗತಕ್ಕದ್ದು.

ಪ್ರತಿವರ್ಷವೂ ನಮ್ಮ ಶಾಲೆಯನ್ನು ಬಿಟ್ಟು ಹೋಗುವ ಹುಡುಗಿಯರಲ್ಲಿ ಕೆಲವರು ಪಿ.ಯು.ಸಿ. ಮುಗಿಸಿ ನರ್ಸಿಂಗ್ ಕಲಿಯಲು ಹೋಗುತ್ತಾರೆ. ಉಳಿದವರು ಬೇರೆ ಬೇರೆ ಮಾರ್ಗಗಳನ್ನು ಹಿಡಿಯುತ್ತಾರೆ. ಆದರೆ ಅಕ್ಕನಾಗಿಯೋ ತಾಯಿಯಾಗಿಯೋ ಅತ್ತೆಯಾಗಿಯೋ ಒಂದಲ್ಲ ಒಂದು ದಿನ ಜ್ವರ ಬಂದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳದವರು ಇವರಲ್ಲಿ ವಿರಳ. ಈ ಪಾಠವನ್ನು ನಾವು ಎಲ್ಲರಿಗೂ ಬರೆಯುತ್ತಿದ್ದೇವೆ.

೧. ಮಗುವು ಚಿಕ್ಕ ಅಳತೆಯ ದೊಡ್ಡ ಮನುಷ್ಯನಲ್ಲ

ಮಗುವಿನ ದೇಹವು ತನ್ನದೇ ಆದ ನಿಯಮಗಳಂತೆ ನಡೆಯುತ್ತದೆ. ಆಗ ಹುಟ್ಟಿದ ಕೂಸಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ದೊಡ್ಡವರಲ್ಲಿ ನೂರಕ್ಕೆ ೬೦ರಷ್ಟು ಮಾತ್ರ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರವು ಹೆಚ್ಚು. ಆದುದರಿಂದ ಶಾಖವೂ ನೀರೂ ಅದರ ಮೈಯಿಂದ ಬೇಗನೆ ಹೊರಟುಹೋಗುತ್ತವೆ. ದೊಡ್ಡವರು ಎರಡು ದಿನ ಭೇದಿಯಾದರೂ ಎದ್ದು ಓಡಾಡಿಯಾರು. ಹಸುಗೂಸು ಕೆಲವೇ ತಾಸುಗಳಲ್ಲಿ ಬಾಡಿಹೋದೀತು. ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ನಮ್ಮ ಬಳ್ಳಾರಿಯಂಥ ಊರಿನಲ್ಲಿ ಇದನ್ನು ಎಂದಿಗೂ ಮರೆಯಬಾರದು. ಅದೇ ಕಾರಣದಿಂದ, ಇಂಥ ಬಿಸಿಲಿನ ಊರಿನಲ್ಲಿಯೂ ಆಗ ಹುಟ್ಟಿದ ಕೂಸನ್ನು ಒರಸಿ, ತಾಯಿಯ ಮೈಗೆ ತಗಲುವಂತೆ ಇಟ್ಟು, ತಲೆಗೆ ಟೊಪ್ಪಿಗೆ ಹಾಕಿ ಬೆಚ್ಚಗಿಡಬೇಕು. ಕೂಸಿನ ಕಂಕುಳಿನ ಉಷ್ಣಮಾನವು ೩೬.೫ರಿಂದ ೩೭.೫ ಡಿಗ್ರಿಯೊಳಗೆ ಇರತಕ್ಕದ್ದು.

ಔಷಧದ ಅಳತೆಯೂ ಹಾಗೆಯೇ. ದೊಡ್ಡವರ ಮಾತ್ರೆಯನ್ನು ಮುರಿದು ಅರ್ಧ ಕೊಡುವದು ಶುಶ್ರೂಷೆಯಲ್ಲ. ಮಗುವಿನ ಔಷಧವನ್ನು ಅದರ ತೂಕದಿಂದ ಲೆಕ್ಕ ಹಾಕುತ್ತಾರೆ. ಒಂದು ಉದಾಹರಣೆಯನ್ನು ನೋಡಿರಿ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನು ವೈದ್ಯರು ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ ೧೫ ಮಿಲಿಗ್ರಾಂನಂತೆ ಬರೆಯುತ್ತಾರೆ. ೧೦ ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ ೧೫೦ ಮಿಲಿಗ್ರಾಂ ಆಯಿತು. ಅಂಗಡಿಯಲ್ಲಿ ಈ ಔಷಧವು ಬೇರೆ ಬೇರೆ ಸಾಂದ್ರತೆಯಲ್ಲಿ ಸಿಕ್ಕುತ್ತದೆ. ೫ ಮಿಲಿಲೀಟರಿನಲ್ಲಿ ೧೨೫ ಮಿಲಿಗ್ರಾಂ ಇರುವ ಬಾಟಲಿಯಾದರೆ ೬ ಮಿಲಿಲೀಟರು ಕೊಡಬೇಕು; ೨೫೦ ಮಿಲಿಗ್ರಾಂ ಇರುವದಾದರೆ ೩ ಮಿಲಿಲೀಟರು ಸಾಕು. ಮಗುವು ಅದೇ, ಔಷಧವು ಅದೇ. ಬಾಟಲಿಯ ಮೇಲಿನ ಸಣ್ಣಕ್ಷರವನ್ನು ಓದದೆ ಹೋದರೆ ಒಂದಕ್ಕೆ ಎರಡರಷ್ಟು ಹೊಟ್ಟೆಗೆ ಹೋಗುತ್ತದೆ. ಅಡಿಗೆಮನೆಯ ಚಮಚಗಳು ಒಂದರಂತೆ ಒಂದು ಇರುವದಿಲ್ಲವಾದ್ದರಿಂದ ಬಾಟಲಿಯ ಸಂಗಡ ಬರುವ ಅಳತೆಯ ಮುಚ್ಚಳವನ್ನಾಗಲಿ ಸೂಜಿಯಿಲ್ಲದ ಸಿರಿಂಜನ್ನಾಗಲಿ ಉಪಯೋಗಿಸತಕ್ಕದ್ದು. ತ್ರೈರಾಶಿಕವು ಯಾವ ಉಪಯೋಗಕ್ಕೆ ಎಂದು ಗಣಿತದ ತಾಸಿನಲ್ಲಿ ಕೇಳುವವರಿಗೆ ಇದೇ ಉತ್ತರ.

೨. ನೋಡುವದೂ ಎಣಿಸುವದೂ

ಸಾಮಾನ್ಯವಾದ ನೆಗಡಿ ಯಾವದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾದ ರೋಗ ಯಾವದು ಎಂಬದನ್ನು ಗುರುತಿಸಲು ದೊಡ್ಡ ಯಂತ್ರಗಳು ಬೇಕಾಗುವದಿಲ್ಲ. ಸೆಕೆಂಡಿನ ಮುಳ್ಳಿರುವ ಗಡಿಯಾರವೂ ಎರಡು ಕಣ್ಣುಗಳೂ ಸಾಕು. ಮಗುವು ಅಳದೆ ಶಾಂತವಾಗಿರುವಾಗ ಅಂಗಿಯನ್ನು ಮೇಲಕ್ಕೆತ್ತಿ, ಪೂರ್ತಿ ಒಂದು ನಿಮಿಷ ಅದರ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿನಲ್ಲಿ ನಿಮಿಷಕ್ಕೆ ೬೦ ಅಥವಾ ಹೆಚ್ಚು, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ ೫೦ ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ ೪೦ ಅಥವಾ ಹೆಚ್ಚು ಇದ್ದರೆ ಅದು ತೀವ್ರವಾದ ಉಸಿರು. ಕೆಮ್ಮಿನೊಡನೆ ಹೀಗಿದ್ದರೆ ನ್ಯುಮೋನಿಯದ ಸಂಶಯವನ್ನು ಇಟ್ಟುಕೊಳ್ಳಬೇಕು. ಉಸಿರೆಳೆಯುವಾಗ ಎದೆಯ ಕೆಳಭಾಗವು ಒಳಕ್ಕೆ ಸೇದಿಹೋಗುವದು ಅದಕ್ಕಿಂತಲೂ ಕೆಟ್ಟ ಲಕ್ಷಣವು.

ಕೆಳಗಿನ ನಾಲ್ಕರಲ್ಲಿ ಒಂದನ್ನು ಕಂಡರೂ ಬೆಳಗಾಗಲಿ ಎಂದು ಕಾಯಬಾರದು:
ಮೊದಲನೆಯದು, ಮಗುವು ಮೊಲೆ ಹಿಡಿಯದೆ, ಏನನ್ನೂ ಕುಡಿಯದೆ ಇರುವದು.
ಎರಡನೆಯದು, ಕುಡಿದದ್ದನ್ನೆಲ್ಲ ವಾಂತಿ ಮಾಡುವದು.
ಮೂರನೆಯದು, ಸೆಳವು ಬರುವದು.
ನಾಲ್ಕನೆಯದು, ಎಬ್ಬಿಸಿದರೂ ಏಳದಂಥ ಮಂಪರು.

ಎರಡು ತಿಂಗಳೊಳಗಿನ ಕೂಸಿಗೆ ಜ್ವರವೊಂದೇ ಸಾಕು. ಮೈ ತಣ್ಣಗಾದರೂ ಅದೇ ಮಾತು. ಸೆಳವು ಬಂದ ಮಗುವನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು. ಕೈಯಲ್ಲಿ ಕಬ್ಬಿಣ ಹಿಡಿಸುವದು, ಬಾಯಿಗೆ ಚಮಚವಿಡುವದು, ನೀರು ಹಾಕುವದು ಕೂಡದು. ಕರ್ನಾಟಕದಲ್ಲಿ ೨೦೦೮ರಿಂದ ೧೦೮ ಎಂಬ ಸಂಖ್ಯೆಗೆ ಕರೆದರೆ ಆಂಬುಲೆನ್ಸು ಬರುತ್ತದೆ. ಈ ಸಂಖ್ಯೆಯನ್ನು ಮನೆಯ ಮುದುಕರಿಂದ ಮಕ್ಕಳವರೆಗೆ ಎಲ್ಲರೂ ಬಾಯಿಪಾಠ ಮಾಡಿರಬೇಕು.

೩. ಮನೆಯವರನ್ನು ಹೊರಗೆ ನಿಲ್ಲಿಸಿದ ಕಾಲ

ಇಷ್ಟನ್ನು ತಿಳಿದವರು ಆಸ್ಪತ್ರೆಯಲ್ಲಿ ಇದ್ದಮೇಲೆ ಮನೆಯವರ ಪಾಲೇನು ಎಂದು ಕೇಳಬಹುದು. ಒಂದು ಕಾಲದಲ್ಲಿ ಪಶ್ಚಿಮದ ದೇಶಗಳಲ್ಲಿ ವೈದ್ಯರೂ ಹಾಗೆಯೇ ಎಣಿಸಿದ್ದರು. ಮಗುವನ್ನು ಆಸ್ಪತ್ರೆಗೆ ಸೇರಿಸಿದರೆ ತಾಯಿತಂದೆಗಳು ವಾರದಲ್ಲಿ ಗೊತ್ತಾದ ಕೆಲವು ತಾಸು ಮಾತ್ರ ನೋಡಬಹುದಾಗಿತ್ತು. ತಾಯಿ ಬಂದರೆ ಮಗು ಅಳುತ್ತದೆ, ರೋಗದ ಸೋಂಕು ಬರುತ್ತದೆ ಎಂಬುದು ಅವರು ಕೊಡುತ್ತಿದ್ದ ಕಾರಣ. ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು ಎರಡನೆಯ ಮಹಾಯುದ್ಧಕ್ಕಿಂತ ಮೊದಲೇ ತಾಯಂದಿರನ್ನು ಮಕ್ಕಳ ಸಂಗಡ ಆಸ್ಪತ್ರೆಯಲ್ಲಿ ಇರಗೊಟ್ಟರು. ಬಹುಜನರು ಅವರನ್ನು ಅನುಸರಿಸಲಿಲ್ಲ. ೧೯೫೨ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಎರಡು ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ತಾಯಿಯನ್ನಗಲಿ ಕಳೆದ ದಿನಗಳನ್ನು ಚಲಚ್ಚಿತ್ರದಲ್ಲಿ ತೋರಿಸಿದರು. ಅಳು ನಿಲ್ಲಿಸಿ ಸುಮ್ಮನಾದ ಮಗುವನ್ನು ಅಲ್ಲಿಯವರೆಗೆ ‘ಹೊಂದಿಕೊಂಡಿತು’ ಎನ್ನುತ್ತಿದ್ದರು. ಆ ಮೌನವು ಸಮಾಧಾನವಲ್ಲ, ನಿರಾಶೆಯೆಂದು ಅವರು ತೋರಿಸಿಕೊಟ್ಟರು. ೧೯೫೯ರ ಪ್ಲಾಟ್ ವರದಿಯು ತಾಯಿತಂದೆಗಳಿಗೆ ಯಾವ ಹೊತ್ತಿಗಾದರೂ ಪ್ರವೇಶವಿರಬೇಕೆಂದೂ, ತಾಯಿಯು ಮಗುವಿನೊಡನೆ ಉಳಿಯಲು ಅನುಕೂಲವಿರಬೇಕೆಂದೂ ಶಿಫಾರಸು ಮಾಡಿತು.

ನಮ್ಮ ದೇಶದ ಸಂಗತಿಯು ಬೇರೆ. ಇಲ್ಲಿ ಮಗುವಿನ ಸಂಗಡ ತಾಯಿ, ಅಜ್ಜಿ, ಚಾಪೆ, ಬುತ್ತಿಯ ಡಬ್ಬಿ ಎಲ್ಲವೂ ಆಸ್ಪತ್ರೆಗೆ ಬರುವ ರೂಢಿ. ೧೯೬೧ರಲ್ಲಿ ಬಳ್ಳಾರಿಯಲ್ಲಿ ಆರಂಭವಾಗಿ ಮುಂದೆ ವಿಮ್ಸ್ ಎಂದು ಹೆಸರಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸಿರುಗುಪ್ಪ, ಕುರುಗೋಡುಗಳಿಂದ ಮಾತ್ರವಲ್ಲದೆ ಕೊಪ್ಪಳ, ರಾಯಚೂರು ಮತ್ತು ಆಂಧ್ರದ ಅನಂತಪುರ, ಕರ್ನೂಲುಗಳ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಇಂಥ ದೊಡ್ಡ ಆಸ್ಪತ್ರೆಗಳಲ್ಲಿ ಎಲ್ಲಿ ನೋಡಿದರೂ ಮನೆಯವರು ಇದ್ದೇ ಇರುತ್ತಾರೆ. ಆದರೆ ಬಹುಕಾಲ ಅವರನ್ನು ದಾರಿಗೆ ಅಡ್ಡವಾದವರೆಂದು ಎಣಿಸಿದರೇ ಹೊರತು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಅಲ್ಲಿ ಮನೆಯವರನ್ನು ಹೊರಗಿಟ್ಟರು. ಇಲ್ಲಿ ಒಳಗಿದ್ದವರಿಗೆ ಏನನ್ನೂ ಹೇಳಲಿಲ್ಲ. ನಷ್ಟವು ಎರಡೂ ಕಡೆಯಲ್ಲಿ ಮಗುವಿಗೇ ಆಯಿತು.

೪. ಮನೆಯವರ ಕೈಗೆ ಕೊಟ್ಟಾಗ ಆದದ್ದು

೧೯೭೧ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಗಡಿಯ ಬನಗಾಂವಿನಲ್ಲಿ ನೆಲದ ಮೇಲೆಲ್ಲ ರೋಗಿಗಳು. ರಕ್ತನಾಳಕ್ಕೆ ಕೊಡುವ ದ್ರಾವಣವು ತೀರುತ್ತಾ ಬಂದಿತ್ತು. ಡಾಕ್ಟರ್ ದಿಲೀಪ್ ಮಹಲನಬೀಸರು ಉಪ್ಪು, ಗ್ಲೂಕೋಸು, ಅಡಿಗೆ ಸೋಡಗಳನ್ನು ನೀರಿನಲ್ಲಿ ಕದಡಿಸಿ, ರೋಗಿಗಳ ಸಂಬಂಧಿಕರ ಕೈಗೆ ಲೋಟಗಳನ್ನು ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಸುಮಾರು ೩೦ ಇದ್ದ ಮರಣವು ೪ಕ್ಕಿಂತ ಕೆಳಗಿಳಿಯಿತು. ತರಬೇತಾದ ಕೈಗಳು ಸಾಲದಿದ್ದಲ್ಲಿ ತಾಯಿಯ, ತಮ್ಮನ, ನೆರೆಯವರ ಕೈಗಳು ಜೀವ ಉಳಿಸಿದವು. ಈ ದ್ರಾವಣವೇ ಇಂದಿನ ಓ.ಆರ್.ಎಸ್. ಪೊಟ್ಟಣವಾಗಿ ನಮ್ಮ ಅಂಗನವಾಡಿಯವರೆಗೆ ಬಂದಿದೆ.

ಎರಡನೆಯ ನಿದರ್ಶನವು ನಮಗೆ ಇನ್ನೂ ಹತ್ತಿರದ್ದು. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಾದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುವದು ಹಿಂದಿನ ಪದ್ಧತಿ. ೧೯೭೮ರಲ್ಲಿ ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ ಪೆಟ್ಟಿಗೆಗಳು ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೆ ಕಟ್ಟಿ ಬೆಚ್ಚಗಿಡುವ ಕ್ರಮವನ್ನು ಆರಂಭಿಸಿದರು. ಇದಕ್ಕೆ ಕಾಂಗರೂ ಆರೈಕೆ ಎಂಬ ಹೆಸರು ಬಂದಿತು. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆಯನ್ನು ಆರಂಭಿಸಿದ ಕೂಸುಗಳಲ್ಲಿ ಮೊದಲ ೨೮ ದಿನಗಳ ಮರಣವು ನೂರಕ್ಕೆ ೧೨ ಆಗಿತ್ತು. ಸ್ಥಿತಿ ನೆಟ್ಟಗಾದ ಮೇಲೆ ಆರಂಭಿಸಿದವರಲ್ಲಿ ೧೫.೭. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಸರ್ಕಾರದ ಆಸ್ಪತ್ರೆಗಳೊಡನೆ ಸೇರಿ, ಎರಡು ಕಿಲೋ ತೂಕಕ್ಕಿಂತ ಕಡಿಮೆಯಾದ ಕೂಸುಗಳಿಗೆ ಈ ಆರೈಕೆಯು ಆಸ್ಪತ್ರೆಯಲ್ಲಿಯೂ ಆಮೇಲೆ ಮನೆಯಲ್ಲಿಯೂ ಸಿಕ್ಕುವ ಮಾರ್ಗವನ್ನು ಅಭ್ಯಾಸಮಾಡಿ ತೋರಿಸಿದರು. ತಾಯಿಯು ಉಣ್ಣುವಾಗ, ಸ್ನಾನಮಾಡುವಾಗ ತಂದೆಯೋ ಅಜ್ಜಿಯೋ ಕೂಸನ್ನು ಎದೆಗೆ ಕಟ್ಟಿಕೊಳ್ಳಬಹುದು. ಇದಕ್ಕೆ ವಿದ್ಯುಚ್ಛಕ್ತಿ ಬೇಡ. ತಾಯಿಗೆ ಬಿಡುವು ಕೊಡುವ ಮನೆ ಬೇಕು.

೨೦೧೭ರಲ್ಲಿ ಕೇಂದ್ರ ಸರ್ಕಾರವು ನವಜಾತ ಶಿಶುಗಳ ವಿಶೇಷ ಘಟಕಗಳೊಳಗೆ ತಾಯಿತಂದೆಗಳನ್ನು ಬರಗೊಟ್ಟು, ಕೈ ತೊಳೆಯುವದು, ಹಾಲುಣಿಸುವದು, ಅಪಾಯದ ಲಕ್ಷಣಗಳನ್ನು ಗುರುತಿಸುವದು ಇವುಗಳನ್ನು ಕಲಿಸಬೇಕೆಂದು ಮಾರ್ಗಸೂಚಿಯನ್ನು ಹೊರಡಿಸಿತು. ದಿಲ್ಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯ ಅನುಭವವು ಅದಕ್ಕೆ ಆಧಾರವಾಯಿತು.

೫. ನಾಲ್ಕು ಸೂತ್ರಗಳು

ಕುಟುಂಬವನ್ನು ಕೂಡಿಸಿಕೊಂಡು ಮಾಡುವ ಶುಶ್ರೂಷೆಗೆ ನಾಲ್ಕು ಸೂತ್ರಗಳನ್ನು ಹೇಳುತ್ತಾರೆ: ಗೌರವ, ತಿಳಿವಳಿಕೆ, ಪಾಲುಗಾರಿಕೆ, ಸಹಕಾರ. ಒಂದೊಂದಕ್ಕೂ ನಮ್ಮ ಕಡೆಯ ದೃಷ್ಟಾಂತವನ್ನು ಕೊಡುತ್ತೇವೆ.

ಗೌರವ. ಕೂಸಿಗೆ ಆರು ತಿಂಗಳು ತಾಯಿಯ ಹಾಲೇ ಸಾಕು, ನೀರೂ ಬೇಡ ಎಂದು ನರ್ಸು ಹೇಳುತ್ತಾಳೆ. ‘ಬಳ್ಳಾರಿಯ ಬಿಸಿಲಿಗೆ ಕಲ್ಲೇ ಬಿರಿಯುತ್ತದೆ, ಕೂಸಿಗೆ ಬಾಯಾರಿಕೆ ಆಗುವದಿಲ್ಲವೇ?’ ಎಂದು ಅಜ್ಜಿ ಕೇಳುತ್ತಾಳೆ. ಇದು ಅಜ್ಞಾನದ ಮಾತಲ್ಲ. ಕೂಸಿನ ಮೇಲಿನ ಕಾಳಜಿಯಿಂದ ಹುಟ್ಟಿದ ಒಳ್ಳೆಯ ಪ್ರಶ್ನೆ. ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು ೮೭ ಪಾಲು ನೀರೇ ಇದೆ, ಸೆಕೆ ಹೆಚ್ಚಾದರೆ ಮೊಲೆಯನ್ನು ಹೆಚ್ಚು ಸಲ ಕೊಡಬೇಕು, ನೀರು ಕುಡಿಯಬೇಕಾದವಳು ಬಾಣಂತಿ ಎಂದು ಕಾರಣಸಹಿತವಾಗಿ ಹೇಳಿದರೆ ಅದೇ ಅಜ್ಜಿಯು ಬಾಣಂತಿಯ ಪಕ್ಕದಲ್ಲಿ ತಂಬಿಗೆಯನ್ನು ತಂದಿಡುವಳು. ಅಜ್ಜಿಯ ಬೆಚ್ಚನೆಯ ಕೋಣೆ, ಜೋಗುಳ, ಬಾಣಂತಿಗೆ ವಿಶ್ರಾಂತಿ ಇವುಗಳನ್ನು ಒಳ್ಳೆಯವೆಂದು ಮೊದಲು ಒಪ್ಪಿಕೊಂಡು, ಬಳಿಕ ಬರೆ ಹಾಕುವದು, ಮೂಗಿಗೆ ಎಣ್ಣೆ ಬಿಡುವದು, ಮೊದಲ ಹಾಲನ್ನು ಚೆಲ್ಲುವದು ಕೂಡದೆಂದು ಹೇಳಬೇಕು. ಮೊದಲೇ ಗದರಿಸಿದರೆ ಅವೆಲ್ಲವೂ ಮುಚ್ಚಿದ ಬಾಗಿಲ ಹಿಂದೆ ನಡೆಯುವವು.

ತಿಳಿವಳಿಕೆ. ತರಗತಿಯಲ್ಲಿ ‘ತಿಳಿಯಿತೇ?’ ಎಂದು ಕೇಳಿದರೆ ಐವತ್ತು ಮಕ್ಕಳೂ ‘ತಿಳಿಯಿತು’ ಎನ್ನುತ್ತಾರೆ. ಕರಿಹಲಗೆಯ ಮುಂದೆ ಕರೆದಾಗ ನಿಜವು ಹೊರಬೀಳುತ್ತದೆ. ಆಸ್ಪತ್ರೆಯಲ್ಲಿಯೂ ಹಾಗೆಯೇ. ಓ.ಆರ್.ಎಸ್. ಪೊಟ್ಟಣವನ್ನು ಕೊಟ್ಟು ಕಳುಹಿಸಿದರೆ ಪಾಠವಾಗಲಿಲ್ಲ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರು ಕುಡಿಯುವ ನೀರಿಗೆ ಹಾಕಬೇಕು. ಸ್ವಲ್ಪ ಸ್ವಲ್ಪವಾಗಿ ಲೋಟಕ್ಕೆ ಉದುರಿಸಿದರೆ ಅಳತೆ ಕೆಡುತ್ತದೆ. ಕದಡಿದ್ದನ್ನು ೨೪ ತಾಸುಗಳ ಮೇಲೆ ಇಡಬಾರದು. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ ೫೦ರಿಂದ ೧೦೦ ಮಿಲಿಲೀಟರು, ದೊಡ್ಡ ಮಗುವಿಗೆ ೧೦೦ರಿಂದ ೨೦೦ ಮಿಲಿಲೀಟರು ಚಮಚದಿಂದ ನಿಧಾನವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕೊಡಬೇಕು. ಮೊಲೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಜೊತೆಗೆ ಜಿಂಕ್ ಮಾತ್ರೆಯನ್ನು, ಭೇದಿ ನಿಂತರೂ, ೧೪ ದಿನ ಕೊಡಬೇಕು. ಇಷ್ಟನ್ನೂ ತಾಯಿಯ ಬಾಯಿಂದ ಹೇಳಿಸಿ, ಅವಳ ಕೈಯಿಂದಲೇ ಒಮ್ಮೆ ಕದಡಿಸಿ ನೋಡಬೇಕು. ತೆಲುಗು, ಉರ್ದು, ಲಂಬಾಣಿ ಮನೆಮಾತಾದ ತಾಯಿಗೆ ಅವಳ ಮಾತಿನಲ್ಲಿ ಹೇಳುವವರನ್ನು ಹುಡುಕಬೇಕು. ಅಂಗಡಿಯಲ್ಲಿ ಓ.ಆರ್.ಎಸ್. ಹೆಸರನ್ನು ಹೊತ್ತು ಮಾರುತ್ತಿದ್ದ ಸಿಹಿ ಪಾನಕಗಳು ಔಷಧವಲ್ಲ. ಅಂಥ ಪಾನಕಗಳ ಮೇಲೆ ಆ ಹೆಸರನ್ನು ಹಾಕಕೂಡದೆಂದು ೨೦೨೫ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಆಜ್ಞೆ ಮಾಡಿತು.

ಪಾಲುಗಾರಿಕೆ. ಸೂಜಿ ಹಾಕುವಾಗ ತಾಯಿಯನ್ನು ಹೊರಗೆ ಕಳುಹಿಸದೆ, ಮಗುವನ್ನು ಅವಳ ತೊಡೆಯ ಮೇಲೆ ಕೂರಿಸಬೇಕು. ತಿಳಿಯುವ ವಯಸ್ಸಿನ ಮಗುವಿಗೆ ‘ನೋವೇ ಆಗುವದಿಲ್ಲ’ ಎಂದು ಸುಳ್ಳು ಹೇಳದೆ ‘ಇರುವೆ ಕಚ್ಚಿದಷ್ಟು ನೋವಾಗುತ್ತದೆ, ಅಮ್ಮನು ಹಿಡಿದುಕೊಂಡಿರುವಳು’ ಎನ್ನಬೇಕು. ಉಣ್ಣದ ಮಗುವಿಗೆ ‘ಡಾಕ್ಟರರನ್ನು ಕರೆದು ಸೂಜಿ ಹಾಕಿಸುತ್ತೇನೆ’ ಎಂದು ಬೆದರಿಸುವ ತಾಯಂದಿರು, ರೋಗ ಬಂದ ದಿನ ಅದೇ ಡಾಕ್ಟರರ ಮುಂದೆ ಮಗುವನ್ನು ಹೇಗೆ ನಿಲ್ಲಿಸುವರು?

ಸಹಕಾರ. ಆಸ್ಪತ್ರೆಯಿಂದ ಮನೆಗೆ ಹೋದ ಕೂಸನ್ನು ಆಶಾ ಕಾರ್ಯಕರ್ತೆಯು ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನಗಳಲ್ಲಿ ನೋಡಬರುವ ಏರ್ಪಾಡಿದೆ. ಮುಂದೆ ೩, ೬, ೯, ೧೨, ೧೫ನೆಯ ತಿಂಗಳುಗಳಲ್ಲಿಯೂ ಬರುತ್ತಾಳೆ. ಆದರೆ ನಮ್ಮಲ್ಲಿ ಚೊಚ್ಚಲ ಹೆರಿಗೆಯು ತವರಿನಲ್ಲಿ. ಗಾಂಧಿನಗರದ ಸೊಸೆಯು ಸಿರುಗುಪ್ಪದ ತವರಿಗೆ ಹೋದಳೆಂದರೆ ಇಲ್ಲಿಯ ಪುಸ್ತಕದಲ್ಲಿ ಹೆಸರು, ಅಲ್ಲಿಯ ಮನೆಯಲ್ಲಿ ಕೂಸು. ತಾಯಿ ಕಾರ್ಡನ್ನು ಸೀರೆಯ ಗಂಟಿನೊಡನೆ ಮರೆಯದೆ ಒಯ್ಯತಕ್ಕದ್ದು. ಎರಡೂ ಊರಿನ ಕಾರ್ಯಕರ್ತೆಯರಿಗೆ ತಿಳಿಸತಕ್ಕದ್ದು. ಹೀಗೆ ಮಾಡಿದರೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳುಗಳ ಲಸಿಕೆಗಳೂ, ಒಂಬತ್ತು ತಿಂಗಳು ತುಂಬಿದಾಗಿನ ದಡಾರದ ಲಸಿಕೆಯೂ ತಪ್ಪುವದಿಲ್ಲ.

೬. ಮನೆಯವರು ಎಂದರೆ ಯಾರು?

ಈಗ ಈ ಪಾಠದ ಮುಖ್ಯವಾದ ಮಾತಿಗೆ ಬಂದೆವು. ಪುಸ್ತಕಗಳು ‘ಕುಟುಂಬ’ ಎಂದಾಗ ತಾಯಿತಂದೆಗಳನ್ನು ಎಣಿಸುತ್ತವೆ. ನಮ್ಮ ಹಾಜರಿ ಪುಸ್ತಕವು ಬೇರೊಂದು ಸಂಗತಿಯನ್ನು ಹೇಳುತ್ತದೆ. ಸಿರುಗುಪ್ಪದ ಗದ್ದೆಗಳಲ್ಲಿ ನಾಟಿಯ ಕಾಲ, ಕುರುಗೋಡಿನ ಕಡೆ ಮೆಣಸಿನಕಾಯಿ ಬಿಡಿಸುವ ಕಾಲ, ಊರಿನಲ್ಲಿ ಜೀನ್ಸ್ ಹೊಲಿಯುವ ಕೆಲಸ ಹೆಚ್ಚಾದ ಕಾಲ ಬಂದಿತೆಂದರೆ ಕೆಲವು ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ಬೀಳುತ್ತವೆ. ಕಾರಣ ಕೇಳಿದರೆ ‘ತಮ್ಮನಿಗೆ ಜ್ವರ, ಅಮ್ಮ ಕೂಲಿಗೆ ಹೋದಳು’ ಎಂಬ ಉತ್ತರ. ದಿನದ ಕೂಲಿಯನ್ನು ಬಿಟ್ಟರೆ ಒಲೆ ಹೊತ್ತದ ಮನೆಯಲ್ಲಿ ತಾಯಿಯನ್ನು ನಾವು ದೂರಲಾರೆವು. ಆದರೆ ಹದಿಮೂರು ವರ್ಷದ ಅಕ್ಕನು ಆ ಮನೆಯ ನರ್ಸಾಗಿದ್ದಾಳೆ ಎಂಬದನ್ನು ಆಸ್ಪತ್ರೆಯವರು ಅರಿತಿರಬೇಕು. ತಾಯಿಗೆ ಹೇಳಿದ ಅಳತೆಯು ಅವಳ ಕಿವಿಗೆ ಬಿದ್ದಿರುವದಿಲ್ಲ. ಅಪಾಯದ ಲಕ್ಷಣವನ್ನು ಮೊದಲು ಕಾಣುವವಳೂ ಅವಳೇ, ಯಾರನ್ನು ಕರೆಯಬೇಕೆಂದು ತಿಳಿಯದೆ ನಿಲ್ಲುವವಳೂ ಅವಳೇ.

ಆದಕಾರಣ ಮಗುವನ್ನು ಮನೆಗೆ ಕಳುಹಿಸುವ ಮೊದಲು ನರ್ಸು ಕೇಳತಕ್ಕ ಪ್ರಶ್ನೆಯು ಇದು: ‘ಹಗಲು ಹೊತ್ತಿನಲ್ಲಿ ಈ ಮಗುವನ್ನು ಎತ್ತಿಕೊಂಡಿರುವವರು ಯಾರು?’ ಉತ್ತರವು ಅಜ್ಜಿಯಾದರೆ ಅಜ್ಜಿಗೆ ಕಲಿಸಬೇಕು. ತಂದೆಯು ಮನೆಯಲ್ಲಿರುವದಾದರೆ ತಂದೆಗೆ ಕಲಿಸಬೇಕು; ಚಮಚದಿಂದ ಕುಡಿಸುವದು ಹೆಂಗಸರಿಗೇ ಮೀಸಲಾದ ವಿದ್ಯೆಯಲ್ಲ. ಉತ್ತರವು ಅಕ್ಕನೆಂದಾದರೆ ಅವಳಿಗೆ ಅಪಾಯದ ಲಕ್ಷಣಗಳನ್ನು ಹೇಳಿಕೊಟ್ಟು ಅಷ್ಟಕ್ಕೇ ನಿಲ್ಲಬಾರದು. ಅಂಗನವಾಡಿ, ಆಶಾ ಕಾರ್ಯಕರ್ತೆ, ಶಾಲೆ ಮೂವರೂ ಕೂಡಿ ಅವಳ ತೊಡೆಯ ಮೇಲಿನ ಭಾರವನ್ನು ಇಳಿಸುವ ದಾರಿಯನ್ನು ಹುಡುಕಬೇಕು. ಒಂದು ಮಗುವಿನ ಶುಶ್ರೂಷೆಗಾಗಿ ಇನ್ನೊಂದು ಮಗುವಿನ ವಿದ್ಯೆಯನ್ನು ತೆರುವದು ಮಕ್ಕಳ ಆರೋಗ್ಯರಕ್ಷಣೆಯೆನಿಸಲಾರದು; ಆ ಹುಡುಗಿಯೂ ಮಗುವೇ ಅಲ್ಲವೇ?

ನರ್ಸಿಂಗ್ ಕಲಿಯಲು ಹೋಗುವ ವಿದ್ಯಾರ್ಥಿನಿಯರೇ, ನೀವು ಬಿಳಿಯ ಉಡುಪನ್ನು ಧರಿಸಿ ನಿಲ್ಲುವ ದಿನ ವಾರ್ಡಿನ ಬಾಗಿಲಲ್ಲಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡ ಹುಡುಗಿಯೊಬ್ಬಳು ಇದ್ದಾಳೆಯೇ ಎಂದು ನೋಡಿರಿ. ಅವಳನ್ನು ಆಚೆಗೆ ಸರಿ ಎನ್ನಬೇಡಿರಿ. ಅವಳಿಗೆ ಕೂರಲು ಸ್ಥಳ ಕೊಟ್ಟು, ಕೂಸಿನ ಸಂಗತಿಯನ್ನು ಅವಳಿಂದ ಕೇಳಿರಿ. ಬಳಿಕ ಅವಳು ಯಾವ ತರಗತಿಯಲ್ಲಿ ಓದುತ್ತಿದ್ದಾಳೆಂದೂ ಕೇಳಿರಿ.

ಅಭ್ಯಾಸಕ್ಕೆ

೧. ೮ ಕಿಲೋ ತೂಗುವ ಮಗುವಿಗೆ ವೈದ್ಯರು ಕಿಲೋಗೆ ೧೫ ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ ಬರೆದಿದ್ದಾರೆ. ಬಾಟಲಿಯಲ್ಲಿ ೫ ಮಿಲಿಲೀಟರಿಗೆ ೨೫೦ ಮಿಲಿಗ್ರಾಂ ಇದೆ. ಒಂದು ಸಲಕ್ಕೆ ಎಷ್ಟು ಮಿಲಿಲೀಟರು?
೨. ಮನೆಯಲ್ಲಿ ಮಲಗಿರುವ ಚಿಕ್ಕ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಿರಿ. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿದರೆ ಅದೇ ಸಂಖ್ಯೆ ಬರುತ್ತದೆಯೇ?
೩. ಓ.ಆರ್.ಎಸ್. ಕದಡುವ ಕ್ರಮವನ್ನು ನಿಮ್ಮ ಮನೆಯ ಹಿರಿಯರೊಬ್ಬರಿಗೆ ಹೇಳಿಕೊಟ್ಟು, ಅವರಿಂದ ತಿರುಗಿ ಹೇಳಿಸಿರಿ.
೪. ನಿಮ್ಮ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಕೆಲಸವನ್ನಾಗಲಿ ಶಾಲೆಯನ್ನಾಗಲಿ ಬಿಡುವವರು ಯಾರು? ಪ್ರತಿಸಲವೂ ಅವರೇ ಯಾಕೆ?